ಹಸೆ ಕಂಬಳಿಯ ಮೇಲೆ ವಿಮಾನದವನು

ನನ್ನ ಮದುವೆಯ ಕಂಬಳಿಯ ಮೇಲೆ ನನಗಿಂತ ಮೊದಲು ಬೇರೊಬ್ಬ ಮಲಗಿದ್ದ. ಹೀಗೆ ಹೇಳಿದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ನಗುತ್ತಾಳೆ. ನಾನು ನಗುವುದಿಲ್ಲ. ಆ ಮನುಷ್ಯ ಆಕಾಶದಿಂದ ಬಿದ್ದವನು, ಕೈ ಮುರಿದುಕೊಂಡಿದ್ದ, ಅವನಿಗೆ ನೆಟ್ಟಗೆ ಎಚ್ಚರವೇ ಇರಲಿಲ್ಲ ಎಂದು ನೀವು ಸಮಾಧಾನ ಹೇಳಬಹುದು. ಬಹಳ ಜನ ಹೇಳಿದ್ದಾರೆ. ಹೊಟ್ಟೆಕಿಚ್ಚು ಸಮಾಧಾನದ ಮಾತಿಗೆ ಆರುವಂಥದ್ದಾಗಿದ್ದರೆ ನನ್ನದು ಎಂದೋ ಆರಬೇಕಿತ್ತು.

ನಮ್ಮ ಜನರಲ್ಲಿ ಮದುವೆಯ ಗಂಡು ಹೆಣ್ಣನ್ನು ಕೂರಿಸುವುದು ಕಂಬಳಿಯ ಮೇಲೆ. ಮಂಟಪ ಎಷ್ಟೇ ಥಳುಕಿನದಾಗಿರಲಿ, ಬಾಡಿಗೆಗೆ ತಂದ ಕುರ್ಚಿ ಎಷ್ಟೇ ಮೆತ್ತಗಿರಲಿ, ತಾಳಿ ಕಟ್ಟುವ ಹೊತ್ತಿಗೆ ನೆಲದ ಮೇಲೆ ಕರಿಯ ಕಂಬಳಿ ಹಾಸಲೇಬೇಕು. ಅದೇ ಹಸೆ ಕಂಬಳಿ. ಅದನ್ನು ಅಂಗಡಿಯಿಂದ ಕೊಂಡು ತರುವಂತಿಲ್ಲ. ಹೆಣ್ಣಿನ ಮನೆಯ ಕುರಿಗಳದೇ ಉಣ್ಣೆ ಆಗಬೇಕು, ಅದರಲ್ಲೂ ಮರಿಗಳ ಮೊದಲ ಉಣ್ಣೆ. ಮನೆಯ ಹೆಂಗಸರೇ ಕೂತು ನೂಲಬೇಕು. ಚಳ್ಳಕೆರೆಯ ಮಗ್ಗದವರು ನೇಯ್ದು ಕೊಟ್ಟ ಮೇಲೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಲೆಗೆ ತೂಗುಹಾಕುತ್ತಾರೆ. ಮದುವೆಯ ದಿನದವರೆಗೆ ಅದರ ಮೇಲೆ ಯಾರೂ ಕೂರುವಂತಿಲ್ಲ, ಅದಕ್ಕೆ ನೀರು ಸೋಕುವಂತಿಲ್ಲ. ಮೊದಲು ಕೂರುವವರು ಮದುಮಗ ಮತ್ತು ಮದುಮಗಳು. ಇದು ನಮ್ಮ ಅಜ್ಜಿಯ ಕಾಲದಿಂದಲ್ಲ, ಅವಳ ಅಜ್ಜಿಯ ಕಾಲದಿಂದ ನಡೆದುಬಂದದ್ದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಟೆಂಪೊ ಓಡಿಸುತ್ತಿದ್ದೆ. ನನ್ನ ಸೋದರಮಾವನ ಮನೆ ದೊಡ್ಡಉಳ್ಳಾರ್ತಿಯ ಆಚೆ, ಕಾವಲಿನ ಅಂಚಿನಲ್ಲಿತ್ತು. ಮನೆಯ ಹಿತ್ತಲು ದಾಟಿದರೆ ಕಣ್ಣು ಹಾಯುವವರೆಗೂ ಹುಲ್ಲು. ಮಾವನಿಗೆ ಒಂದು ಕುರಿ ಹಿಂಡು, ಒಂದಿಷ್ಟು ಕಡಲೆಕಾಯಿ ಹೊಲ, ಒಬ್ಬಳೇ ಮಗಳು. ಆ ಮಗಳು ನನಗೇ ಎಂದು ನಾನು ಚಡ್ಡಿ ಹಾಕಿಕೊಂಡು ತಿರುಗುವ ಕಾಲದಲ್ಲೇ ತೀರ್ಮಾನವಾಗಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಮನೆಯ ಕಂಬ, ನಮ್ಮ ಮನೆಯ ಬಾಗಿಲು ಎನ್ನುವಂತೆ ಅವಳೂ ನಮ್ಮವಳು, ಅದರಲ್ಲಿ ಕೇಳುವುದೇನು ಎಂದುಕೊಂಡಿದ್ದೆ. ಅವಳು ನನ್ನನ್ನು ಬಾವ ಎಂದು ಕರೆಯುತ್ತಿದ್ದಳು. ಅಷ್ಟು ಸಾಕಾಗಿತ್ತು.

ಶ್ರಾವಣದಲ್ಲಿ ಮದುವೆ ಎಂದು ಮಾತಾಗಿತ್ತು. ಕಂಬಳಿ ನೇಯ್ದಾಗಿ ತೊಲೆಗೆ ಏರಿತ್ತು. ನಾನು ಮಾವನ ಮನೆಗೆ ಹೋದಾಗಲೆಲ್ಲ ಮೊದಲು ತಲೆಯೆತ್ತಿ ಆ ಗಂಟನ್ನು ನೋಡುತ್ತಿದ್ದೆ. ನನ್ನ ಸಿಂಹಾಸನ ಅಲ್ಲಿ ತೂಗುತ್ತಿದೆ ಎಂಬ ಗತ್ತು ನನಗೆ.

ಆ ಜ್ಯೇಷ್ಠದ ಕೊನೆಯಲ್ಲಿ ಬಿತ್ತನೆ ಬೀಜ ಇಳಿಸುವ ನೆಪ ಮಾಡಿಕೊಂಡು ಟೆಂಪೊ ಹೊಡೆದುಕೊಂಡು ಹೋಗಿದ್ದೆ. ಆ ದಿನಗಳಲ್ಲಿ ನಮ್ಮ ಕಾವಲಿನ ಮೇಲೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ತಲೆಗೆ ಸುತ್ತಿದ ಟವಲು ನಿಲ್ಲುವುದಿಲ್ಲ, ಕೂಗಿದ ಮಾತು ಪಕ್ಕದವನಿಗೆ ಕೇಳುವುದಿಲ್ಲ. ಚೀಲಗಳಲ್ಲಿ ಅರ್ಧ ಇಳಿಸಿದ್ದೆವು. ಗಾಳಿಯ ಸದ್ದಿನ ಜೊತೆ ಇನ್ನೊಂದು ಸದ್ದು ಸೇರಿತು. ಎಲ್ಲರೂ ತಲೆಯೆತ್ತಿದೆವು. ಒಂದು ಪುಟ್ಟ ವಿಮಾನ, ಎರಡು ಸೀಟಿನದು, ಬಿಳಿಯ ಬಣ್ಣದ್ದು, ಕಾವಲಿನ ಮೇಲೆ ಸುತ್ತು ಹಾಕುತ್ತಿತ್ತು. ಅಷ್ಟು ಕೆಳಗೆ ಹಾರುವ ವಿಮಾನವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಒಳಗೊಬ್ಬ ಮನುಷ್ಯ ಕೂತಿರುವುದೂ ಕಾಣುತ್ತಿತ್ತು.

"ಇಳಿಯಾಕ್ ಬಂದೈತೆ ಕಣ್ಲೇ ಅದು," ಎಂದ ಮಾವ.

"ವಿಮಾನಕ್ಕೇನು ಇಲ್ಲಿ ನಿಲ್ದಾಣ ಐತಾ ಮಾವ? ಸುಮ್ನೆ ನೋಡ್ತಾನೆ," ಎಂದೆ ನಾನು. ವಾಹನದ ವಿಷಯದಲ್ಲಿ ಅಲ್ಲಿ ನನ್ನ ಮಾತೇ ಕೊನೆಯ ಮಾತಾಗಿತ್ತು, ಆ ಕ್ಷಣದವರೆಗೆ.

ಅದು ಪಡುವಣದಿಂದ ತಿರುಗಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬಂದೇಬಿಟ್ಟಿತು. ಚಕ್ರ ನೆಲಕ್ಕೆ ತಾಗಿ ಎಗರಿತು. ಮತ್ತೆ ತಾಗಿದಾಗ ಬಯಲು ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮುಂದೆ ದನಗಳು ನೀರು ಕುಡಿಯುವ ಗೋಕಟ್ಟೆ, ಅದರ ಎತ್ತರದ ಏರಿ. ಏರಿಯ ಈಚೆ ಪಕ್ಕದಲ್ಲಿ ಮಾವನ ಕುರಿಗಳು ಮೇಯುತ್ತಿದ್ದವು. ವಿಮಾನ ಓಡಿತು, ಓಡಿತು, ನಿಲ್ಲಲೇ ಇಲ್ಲ. ಮೂತಿ ಏರಿಗೆ ಗುದ್ದಿತು, ಬಾಲ ಮೇಲೆದ್ದಿತು, ಒಂದು ಗಳಿಗೆ ಹಾಗೇ ನಿಂತು ಬೆನ್ನು ಕೆಳಗಾಗಿ ಮಗುಚಿಕೊಂಡಿತು. ಚಕ್ರಗಳು ಆಕಾಶಕ್ಕೆ ಮುಖ ಮಾಡಿ ತಿರುಗುತ್ತಿದ್ದವು. ಒಂದು ಕುರಿಗೂ ಏನೂ ಆಗಲಿಲ್ಲ.

ಎಲ್ಲರೂ ಓಡಿದರು. ನಾನು ಓಡಲಿಲ್ಲ, ಟೆಂಪೊ ಕಡೆಗೆ ತಿರುಗಿದೆ. ಗಾಯವಾದವನನ್ನು ಸಾಗಿಸಲು ಗಾಡಿ ಬೇಕಲ್ಲ! ಆ ಬುದ್ಧಿ ಅಲ್ಲಿದ್ದವರಲ್ಲಿ ಓಡಿದ್ದು ನನಗೊಬ್ಬನಿಗೇ. ಇದನ್ನು ಇವತ್ತಿಗೂ ಯಾರೂ ನೆನೆಸುವುದಿಲ್ಲ. ಆದರೆ ಆ ಹಾಳು ಟೆಂಪೊ ಚಾಲೂ ಆಗಲಿಲ್ಲ. ತಳ್ಳೋಣವೆಂದರೆ ಒಬ್ಬ ಮನುಷ್ಯ ಹತ್ತಿರ ಇಲ್ಲ. ನಾನು ಬಾನೆಟ್ ಎತ್ತಿ ಬೈಯುತ್ತಾ ನಿಂತಿದ್ದಾಗ ಬಯಲಿನಿಂದ ಯಾರೋ, "ಪೆಟ್ರೋಲ್ ಸೋರ್ತೈತೆ, ಬೆಂಕಿ ಹತ್ತುತ್ತೆ, ಕಂಬಳಿ ತರ್ರಿ!" ಎಂದು ಕೂಗಿದರು. ಬೆಂಕಿಯನ್ನು ಅಮುಕಲು ನಮಗೆ ಗೊತ್ತಿರುವುದು ಕಂಬಳಿಯೊಂದೇ. ಮನೆಯೊಳಗಿಂದ ಅವಳು ಬಂದಳು. ಕೈಯಲ್ಲಿ ಕಂಬಳಿ. ಸುತ್ತಿದ್ದ ಹಳೆಯ ಸೀರೆ ದಾರಿಯಲ್ಲೇ ಬಿಚ್ಚಿ ಗಾಳಿಗೆ ಹಾರಿತು. ನನ್ನ ಪಕ್ಕದಲ್ಲೇ ಓಡಿಹೋದಳು, ನನ್ನತ್ತ ನೋಡಲೂ ಇಲ್ಲ.

ಆಮೇಲೆ ಕೇಳಿದ್ದಕ್ಕೆ, "ಕೈಗೆ ಸಿಕ್ಕಿದ್ದು ಅದೇ," ಎಂದಳು. ಕುರಿ ಕಾಯುವವರ ಮನೆಯಲ್ಲಿ ಕಂಬಳಿಗೆ ಬರವೇ? ಮಾವನ ಹೆಗಲ ಮೇಲೊಂದು ಇರುತ್ತಿತ್ತು, ಅಜ್ಜಿಯ ಹಾಸಿಗೆಯ ಮೇಲೊಂದು, ಬಾಗಿಲ ಹಿಂದೆ ಗೂಟಕ್ಕೊಂದು. ಗೂಟದ್ದು ಹಿಂದಿನ ದಿನ ಒಗೆದು ಬೇಲಿಗೆ ಹಾಕಿತ್ತಂತೆ, ಅಜ್ಜಿಯದರ ಮೇಲೆ ಅಜ್ಜಿಯೇ ಮಲಗಿದ್ದಳಂತೆ. ಇರಬಹುದು. ಆದರೆ ತೊಲೆಗೆ ಕಟ್ಟಿದ್ದನ್ನು ಬಿಚ್ಚಬೇಕೆಂದರೆ ಒರಳುಕಲ್ಲಿನ ಮೇಲೆ ಹತ್ತಬೇಕು. ಹತ್ತುವಷ್ಟು ಹೊತ್ತು ಅವಳಿಗೆ ನೆನಪಾಗಲಿಲ್ಲವೇ, ಅದು ಯಾರಿಗೆಂದು ಇಟ್ಟದ್ದು ಎಂದು?

ಬೆಂಕಿ ಹತ್ತಲಿಲ್ಲ. ಅವನು ಸೀಟಿನ ಪಟ್ಟಿಯಲ್ಲಿ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿದ್ದನಂತೆ. "ನೀಳ್ಳು, ನೀಳ್ಳು" ಎಂದು ನೀರು ಕೇಳಿದನಂತೆ. ನಮ್ಮ ಅತ್ತೆ, ಅಂದರೆ ಅವಳ ಅವ್ವ, ಮೊಳಕಾಲ್ಮೂರಿನ ಆಚೆಯ ಗಡಿ ಊರಿನವಳು. ತಾಯಿ ಮಗಳು ಒಳಮನೆಯಲ್ಲಿ ಆಡುವುದೆಲ್ಲ ತೆಲುಗೇ. ಕಾವಲಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದವನಿಗೆ ತೆಲುಗಿನಲ್ಲಿ ಧೈರ್ಯ ಹೇಳುವವಳು ಸಿಕ್ಕಳು. ಅವನ ಅದೃಷ್ಟ ನೋಡಿ. ಪಟ್ಟಿ ಕೊಯ್ದು ಇಳಿಸಿ, ಕಂಬಳಿ ಹಾಸಿ, ಅದರ ಮೇಲೆ ಮಲಗಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಹೊತ್ತು ತಂದರು. ಟೆಂಪೊ ಅಷ್ಟು ಹೊತ್ತಿಗೆ ನನ್ನ ಬೈಗುಳಕ್ಕೆ ಹೆದರಿ ಚಾಲೂ ಆಗಿತ್ತು.

ಕಂಬಳಿಯನ್ನು ನಾನು ಆಗಲೇ ಗುರುತಿಸಿದ್ದು. ಅಂಚಿನಲ್ಲಿ ಅಜ್ಜಿ ಹಾಕಿಸಿದ್ದ ಬಿಳಿ ಗೆರೆ ಇತ್ತು.

ಚಳ್ಳಕೆರೆಯ ಆಸ್ಪತ್ರೆಯವರೆಗೆ ಓಡಿಸಿದವನು ನಾನು. ಹಿಂದೆ ಬೀಜದ ಚೀಲಗಳ ನಡುವೆ ಅವನು, ಅವನ ತಲೆ ಅಲ್ಲಾಡದಂತೆ ಹಿಡಿದುಕೊಂಡು ಅವಳು, ಎದುರಿಗೆ ಮಾವ. ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ರಸ್ತೆಯನ್ನು ಎಷ್ಟು ನೋಡಿದೆನೋ ಕನ್ನಡಿಯನ್ನೂ ಅಷ್ಟೇ ನೋಡಿದೆ. ನನ್ನಷ್ಟೇ ವಯಸ್ಸಿನ ಹುಡುಗ. ರಕ್ತ ಸುರಿಯುತ್ತಿದ್ದರೂ ಚೆಲುವನಾಗಿ ಕಾಣುವ ಮುಖ ಕೆಲವರಿಗಿರುತ್ತದೆ, ಅಂಥದ್ದು. ಅವನು ಏನೋ ಹೇಳುತ್ತಿದ್ದ. ಅವಳು ಬಗ್ಗಿ ಕಿವಿಗೊಟ್ಟಳು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಿದಳು. ಎಂಜಿನ್ನಿನ ಸದ್ದಿಗೆ ಒಂದಕ್ಷರ ಕೇಳಲಿಲ್ಲ. ಕೇಳಿದ್ದರೂ ನನಗೆ ಬರುತ್ತಿದ್ದುದು ಸಂತೆಯ ತೆಲುಗು, ಹೆಚ್ಚೆಂದರೆ ಬಾ, ಹೋಗು, ಎಷ್ಟು ಎನ್ನುವಷ್ಟು. ಮಿಲ್ಲಿನಲ್ಲಿ ತೆಲುಗಿನವರ ಜೊತೆ ಇಷ್ಟು ವರ್ಷ ಕೂತು ಬೀಡಿ ಸೇದಿದ ನಾನು ಆ ಭಾಷೆ ಕಲಿಯಲಿಲ್ಲವಲ್ಲ ಎಂದು ಅವತ್ತು ನನ್ನ ಮೇಲೇ ಸಿಟ್ಟು ಬಂತು.

"ಮೆಲ್ಲಕ್ ಹೊಡಿ ಬಾವ, ಅಲ್ಲಾಡ್ತೈತೆ," ಎಂದು ಕೂಗಿದಳು. ಅದೊಂದು ಮಾತು ಮಾತ್ರ ಸದ್ದನ್ನು ದಾಟಿ ನನ್ನವರೆಗೆ ಬಂತು.

ಎಡಗೈ ಮುರಿದಿತ್ತು, ಹಣೆಗೆ ಹೊಲಿಗೆ ಬಿತ್ತು. ಸಂಜೆಗೆ ಅವನ ಕಡೆಯವರು ಕಾರಿನಲ್ಲಿ ಬಂದರು. ಬೆಂಗಳೂರಿನ ಕಡೆ ವಿಮಾನ ಕಲಿಯುವ ಹುಡುಗನಂತೆ, ಒಬ್ಬನೇ ಹಾರುವ ಪರೀಕ್ಷೆಗೆ ಹೊರಟವನಂತೆ. ಚಳಿ ಹತ್ತಿ ನಡುಗುತ್ತಿದ್ದವನನ್ನು ಆ ಕಂಬಳಿಯ ಸಮೇತ ಕಾರಿನಲ್ಲಿ ಕೂರಿಸಿದರು. ಕಾರು ಹೋಯಿತು. ಕಂಬಳಿಯೂ ಹೋಯಿತು. ಮನೆಗೆ ವಾಪಸು ಬಂದಾಗ ಅಜ್ಜಿ ತೊಲೆ ನೋಡಿದಳು, ನಮ್ಮ ಮೂವರ ಕೈ ನೋಡಿದಳು. "ಹಸೆ ಕಂಬಳಿ ಎಲ್ಲೈತ್ರೋ?" ಎಂದಳು.

ಮಾರನೆಯ ದಿನದಿಂದ ಕಾವಲು ಸಂತೆಯಾಯಿತು. ಪರಶುರಾಂಪುರದಿಂದ ಟ್ರ್ಯಾಕ್ಟರ್ ತುಂಬಿಕೊಂಡು ಜನ ಬಂದರು. ಮಂಡಕ್ಕಿ ಮೆಣಸಿನಕಾಯಿ ಮಾರುವವನು ಗೋಕಟ್ಟೆಯ ಏರಿಯ ಮೇಲೇ ಒಲೆ ಹೂಡಿದ. ಮಗುಚಿಬಿದ್ದ ವಿಮಾನದ ಮುಂದೆ ನಿಂತು ಮಾವ ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. "ನನ್ ಕುರಿ ಅಡ್ಡ ಬಂದ್ವು ಕಣಪ್ಪ. ಕುರಿ ಮ್ಯಾಲೆ ಹತ್ತಿಸಿದ್ರೆ ಅವ್ನು ಬಚಾವಾಗ್ತಿದ್ದ. ಮೂಕ ಪ್ರಾಣಿ ಉಳಿಸ್ಬೇಕು ಅಂತ ಏರಿಗೆ ಹೊಡೆದ. ದೇವ್ರಂಥ ಹುಡುಗ." ಕೇಳಿದ ಹೆಂಗಸರು ಕಣ್ಣಿಗೆ ಸೆರಗು ಹಚ್ಚುತ್ತಿದ್ದರು. ದಿನ ಕಳೆದಂತೆ ಕುರಿಗಳು ಹೆಚ್ಚಾದವು, ಹುಡುಗ ಇನ್ನಷ್ಟು ದೇವರಾದ. ನಾನು ಟೆಂಪೊದಲ್ಲಿ ವರ್ಷಗಟ್ಟಲೆ ಎಷ್ಟು ಕುರಿ, ನಾಯಿ, ಕೋಳಿ ತಪ್ಪಿಸಿಕೊಂಡು ಓಡಿಸಿದ್ದೇನೆ, ನನ್ನನ್ನು ಒಬ್ಬನೂ ದೇವರು ಎನ್ನಲಿಲ್ಲ.

ಎಂಟು ಹತ್ತು ದಿನದ ಮೇಲೆ ವಿಚಾರಣೆಯ ಅಧಿಕಾರಿಗಳು ಬಂದರು. ಜೊತೆಗೆ ಅವನೂ ಬಂದ, ಕೈಯನ್ನು ಕೊರಳಿಗೆ ಕಟ್ಟಿಕೊಂಡು. ಕಂಬಳಿ ತಂದಿದ್ದ. ಪ್ಲಾಸ್ಟಿಕ್ ಕವರಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮಡಿಸಿ, ಮೂಲೆಗೊಂದು ಚೀಟಿ ಪಿನ್ನು ಮಾಡಿ. ಬೆಂಗಳೂರಿನಲ್ಲಿ ಡ್ರೈಕ್ಲೀನ್ ಮಾಡಿಸಿದ್ದನಂತೆ! ಅಜ್ಜಿ ಬಿಚ್ಚಿ ಮೂಗಿಗೆ ಹಿಡಿದಳು. ಕುರಿಯ ವಾಸನೆ ಹೋಗಿ ಔಷಧಿ ಅಂಗಡಿಯ ವಾಸನೆ ಬರುತ್ತಿತ್ತು. ಒಂದು ಮಗ್ಗುಲಲ್ಲಿ, ಪೆಟ್ರೋಲೋ ಮತ್ತೊಂದೋ ಬಿದ್ದ ಕಡೆ, ಅಂಗೈಯಗಲ ಉಣ್ಣೆ ಕೆಂಚಗಾಗಿತ್ತು. ಅದು ಯಾವ ಡ್ರೈಕ್ಲೀನಿಗೂ ಹೋಗಿರಲಿಲ್ಲ.

ಅವನು ಅಜ್ಜಿಯ ಕಾಲು ಮುಟ್ಟಿದ. ಮಾವ ಊಟಕ್ಕೆ ಕೂರಿಸಿದ. ಮುದ್ದೆಯನ್ನು ಅವನು ಅಗಿಯಲು ಹೊರಟಾಗ ಅವಳು ನಕ್ಕು, ಹೀಗಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ತೆಲುಗಿನಲ್ಲಿ ಹೇಳಿಕೊಟ್ಟಳು. ಅವನು ನುಂಗಿ ಕಣ್ಣುಕಣ್ಣು ಬಿಟ್ಟ. ಅವಳು ಇನ್ನಷ್ಟು ನಕ್ಕಳು. ಅವಳು ಅಷ್ಟು ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವನು ಮಾತಿಗೊಂದು ಸಲ ಅವಳನ್ನು ಅಮ್ಮಾ ಎನ್ನುತ್ತಿದ್ದ. ತೆಲುಗಿನವರು ಎಲ್ಲ ಹೆಂಗಸರನ್ನೂ ಅಮ್ಮಾ ಎನ್ನುತ್ತಾರಂತೆ. ಎನ್ನಲಿ. ನಾನು ಅರ್ಧ ಮುದ್ದೆ ಬಿಟ್ಟು ಕೈ ತೊಳೆದೆ.

ಅವನು ಹೋದ ಮೇಲೆ ಜಗಳ ಶುರುವಾಯಿತು. ನನ್ನ ಅವ್ವ ಚಳ್ಳಕೆರೆಯಿಂದ ಬಂದು ತನ್ನ ತಮ್ಮನ ಮುಂದೆ ಕೂತಳು. "ಪರ ಗಂಡಸು ಮಲಗಿ ಎದ್ದ ಕಂಬಳಿ. ನೀರಿಗೆ ಬೇರೆ ಹಾಕ್ಯವ್ರೆ. ಅದ್ರ ಮ್ಯಾಲೆ ನನ್ ಮಗ ಕೂರಬೇಕಾ? ಬ್ಯಾರೆ ನೇಯ್ಸು," ಎಂದಳು.

"ಬ್ಯಾರೆ ಎಲ್ಲಿಂದ ತರ್ಲಕ್ಕ? ಮರಿ ಉಣ್ಣೆ ಮುಗೀತು. ಮುಂದಿನ ಸಲ ಕತ್ತರಿಸೋವರ್ಗೂ ಕಾಯ್ಬೇಕು," ಎಂದ ಮಾವ.

"ಕಾಯಾಣ. ಮದ್ವೆ ಎಲ್ಲಿ ಓಡಿಹೋಗ್ತೈತೆ?"

ನಾನೂ ಹೂಂಗುಟ್ಟಿದೆ. ನೀರಿನಲ್ಲಿ ಹಾಕಿಲ್ಲ, ಡ್ರೈಕ್ಲೀನಿಗೆ ನೀರು ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಆಗ ಬಾಗಿಲ ಹತ್ತಿರ ನಿಂತಿದ್ದ ಅವಳು ಮಾತಾಡಿದಳು. ಆ ಮನೆಯಲ್ಲಿ ದೊಡ್ಡವರ ನಡುವೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಒಬ್ಬನ ಜೀವ ಹೊತ್ಕೊಂಡು ಬಂದಿದ್ದು ಮೈಲಿಗೆ ಆಗ್ತೈತಾ ಅತ್ತೆ? ಬಾವ ಇದೇ ಕಂಬಳಿ ಮ್ಯಾಲೆ ಕೂತ್ರೆ ನಾನೂ ಕೂರ್ತೀನಿ. ಬ್ಯಾರೇದು ಬೇಕು ಅಂದ್ರೆ ಬ್ಯಾರೆ ಹೆಣ್ಣೂ ನೋಡ್ಕೊಳ್ಳಿ."

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಕಾಣುತ್ತಿದ್ದುದು ಕನ್ನಡಿಯಲ್ಲಿ ಕಂಡದ್ದೇ, ಅವನ ತಲೆ, ಅವಳ ಕೈ. ಬೇರೆ ಹೆಣ್ಣು! ಅಷ್ಟು ಸುಲಭಕ್ಕೆ ಬಾಯಿಗೆ ಬಂತಲ್ಲ ಅವಳಿಗೆ. ಅವನ ವಾಸನೆ ಹತ್ತಿದ ಕಂಬಳಿ ಬೇಕು, ನಾನು ಬೇಕಾದರೆ ಇರಬಹುದು, ಇಲ್ಲದಿದ್ದರೆ ಇಲ್ಲ ಎಂದೇ ನನಗೆ ಕೇಳಿಸಿತು. ಎದ್ದು ಟೆಂಪೊ ಹತ್ತಿದೆ.

ಅಷ್ಟರಲ್ಲಿ ನನಗೊಂದು ಆಯುಧ ಸಿಕ್ಕಿತು. ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹಾಕುವ ದಿನ, ಸಣ್ಣಪುಟ್ಟ ಭಾಗಗಳನ್ನು ಸಾಗಿಸಲು ನಮ್ಮ ಟೆಂಪೊ ಕರೆಸಿದರು. ಒಬ್ಬ ವಯಸ್ಸಾದ ಅಧಿಕಾರಿ ನನ್ನ ಪಕ್ಕ ಕೂತರು. ನಾನು ಮೆಲ್ಲಗೆ ಕೇಳಿದೆ, "ಕುರಿ ಅಡ್ಡ ಬಂದಿದ್ದಕ್ಕೇನ್ರಿ ಸಾರ್ ಇಷ್ಟೆಲ್ಲ ಆಗಿದ್ದು?"

ಅವರು ನಕ್ಕರು. "ಕುರಿ ಪಕ್ಕದಲ್ಲಿದ್ದವು, ಅಡ್ಡ ಎಲ್ಲಿ ಬಂದವು? ಹುಡುಗ ಮೇಲಿನಿಂದ ಬೇರೆ ಯಾವುದೋ ರಸ್ತೆ ನೋಡಿಕೊಂಡು ಹಾರಿ ದಾರಿ ತಪ್ಪಿದ್ದಾನೆ. ಪೆಟ್ರೋಲ್ ಇನ್ನೂ ಇತ್ತು, ಮುಗಿಯುತ್ತೆ ಅಂತ ಗಾಬರಿ ಬಿದ್ದಿದ್ದಾನೆ. ಇಳಿಯುವಾಗ ಗಾಳಿಗೆ ಎದುರಾಗಿ ಇಳೀಬೇಕು. ಇವನು ಗಾಳಿ ಬೆನ್ನಿಗೆ ಹಾಕಿಕೊಂಡು ಬಂದಿದ್ದಾನೆ. ಗಾಳಿ ಹಿಂದಿನಿಂದ ತಳ್ಳುತ್ತಲ್ಲ, ಎಲ್ಲಿ ನಿಲ್ಲುತ್ತೆ? ಎಂಜಿನ್ನಿನದು ಏನೂ ಇಲ್ಲ. ಪೂರಾ ಅವನದೇ ತಪ್ಪು."

ನನಗೆ ಅವರ ಕೈ ಹಿಡಿದು ಮುತ್ತಿಡಬೇಕೆನ್ನಿಸಿತು. ಅವರನ್ನು ಇಳಿಸಿದವನೇ ಟೆಂಪೊ ತಿರುಗಿಸಿ ನೇರ ಮಾವನ ಮನೆಗೆ ಹೊಡೆದೆ. ಅವಳು ಕುರಿ ಕೂಡುವ ರೊಪ್ಪದಲ್ಲಿ ಕಸ ಗುಡಿಸುತ್ತಿದ್ದಳು. ಬೇಲಿಯ ಈಚೆಯಿಂದಲೇ ಕೂಗಿದೆ.

"ಗೊತ್ತಾಯ್ತಾ? ನಿನ್ನ ದೇವ್ರು ಕುರಿ ಉಳಿಸ್ಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸ್ತೈತೆ ಅಂತ ನೋಡಾಕ್ ಬರ್ದೆ ಬಿದ್ದವ್ನು. ಆಫೀಸರ್ ಬಾಯಿಂದ್ಲೇ ಕೇಳ್ಕೊಂಡ್ ಬಂದೆ."

ಅವಳು ಪೊರಕೆ ನಿಲ್ಲಿಸಲಿಲ್ಲ. "ನಂಗೊತ್ತು," ಎಂದಳು.

"ಏನ್ ಗೊತ್ತು?"

"ಅವತ್ತೇ ಹೇಳ್ದ. ಟೆಂಪೊದಾಗೆ. ಕುರಿದಲ್ಲಮ್ಮಾ, ಗಾಳಿದಲ್ಲ, ತಪ್ಪು ನಾದೇ, ಅಂದ್ರೆ ತಪ್ಪು ನಂದೇ ಅಂದ. ಅಳ್ತಾ ಇದ್ದ. ಒಂದೇ ಮಾತು ಚಳ್ಳಕೆರೆವರ್ಗೂ ಅಂದ."

ನಾನು ಬೇಲಿ ದಾಟಿ ಒಳಗೆ ಬಂದೆ. "ಮತ್ತೆ ಕುರಿ ಕಥೆ?"

"ಅದು ಅಪ್ಪಂದು. ನಾನ್ ಹೇಳ್ದೆ, ಅಪ್ಪ ಒಪ್ಲಿಲ್ಲ. ಮೊನ್ನೆ ಬಂದಾಗ ಅವ್ನೂ ಹೇಳ್ದ. ಅಪ್ಪಂಗೆ ಕುರಿ ಕಥೇನೇ ಚೆಂದ."

"ನಂಗ್ಯಾಕ್ ಹೇಳ್ಲಿಲ್ಲ ನೀನು?"

ಆಗ ಅವಳು ತಲೆಯೆತ್ತಿದಳು. "ನೀನ್ ಕೇಳಿದ್ದೇನು ಬಾವ? ಅವ್ನು ನನ್ ಕೈ ಹಿಡ್ಕೊಂಡಿದ್ನಾ ಅಂತ ಕೇಳ್ದೆ. ಹಿಡ್ಕೊಂಡಿದ್ದ, ಹೂಂ ಅಂದೆ."

ಗೆದ್ದು ಬರಲು ಹೋಗಿದ್ದವನು ಇನ್ನಷ್ಟು ಉರಿ ಹೊತ್ತುಕೊಂಡು ಬಂದೆ. ಅವನು ಕುರಿ ಉಳಿಸಿದವನಾಗಿದ್ದರೆ ನಾನೂ ಏನಾದರೂ ಉಳಿಸಿ ಸರಿಮಾಡಬಹುದಿತ್ತು. ಅವನು ತಪ್ಪು ಮಾಡಿದವನು ಎಂದು ಗೊತ್ತಿದ್ದೂ ಅವಳು ಆ ಕಂಬಳಿಯನ್ನೇ ಹಿಡಿದು ಕೂತಿದ್ದಳಲ್ಲ, ಅದಕ್ಕೆ ಏನು ಮಾಡುವುದು?

ಮದುವೆ ಉಳಿಸಿದವಳು ಅಜ್ಜಿ. ಅವಳಿಗೆ ಮಗಳೂ ಬೇಕು, ಮಗನೂ ಬೇಕು, ಮೊಮ್ಮಕ್ಕಳಾದ ನಾವಿಬ್ಬರೂ ಬೇಕು. ಒಂದು ದಿನ ಎಲ್ಲರನ್ನೂ ಕೂರಿಸಿ ಕಂಬಳಿ ತರಿಸಿದಳು. ಕೆಂಚಗಾದ ಕಡೆ ಬೆರಳಿಟ್ಟು ತೋರಿಸಿದಳು. "ಕಂಬಳಿಗೆ ಎರಡು ಮಗ್ಗುಲು ಅದಾವೆ. ಆ ಹುಡುಗ ಮಲಗಿದ್ದು ಈ ಮಗ್ಗುಲು. ಈ ಮಗ್ಗುಲು ಭೂಮ್ತಾಯಿಗೆ ಇರ್ಲಿ. ಆ ಮಗ್ಗುಲಿಗೆ ಯಾರೂ ಬೆನ್ನು ತಾಗಿಸಿಲ್ಲ, ಅದು ನಿಮ್ದು. ಇನ್ನೇನ್ ಬೇಕ್ರೋ?" ಎಂದಳು. ಅವ್ವ ಒಂದಿಷ್ಟು ಗೊಣಗಿ ಒಪ್ಪಿದಳು. ನಾನೂ ಒಪ್ಪಿದೆ. ಒಪ್ಪದಿದ್ದರೆ ಅವಳು ಸಿಗುತ್ತಿರಲಿಲ್ಲ, ಅದಂತೂ ನನಗೆ ಅಷ್ಟು ಹೊತ್ತಿಗೆ ಚೆನ್ನಾಗಿ ತಿಳಿದಿತ್ತು. ನಮ್ಮ ಮನೆಯ ಕಂಬವೂ ಅಲ್ಲ, ಬಾಗಿಲೂ ಅಲ್ಲ ಅವಳು.

ಶ್ರಾವಣದಲ್ಲಿ ಮದುವೆಯಾಯಿತು. ಕಂಬಳಿಯ ಮೇಲೆ ಕೂತಾಗ ಕೆಳಗೆ ಆ ಕಲೆ ಎಲ್ಲಿರಬಹುದು ಎಂದು ಅಂದಾಜು ಮಾಡುತ್ತಿದ್ದೆ. ನನ್ನ ಎಡ ಮೊಣಕಾಲಿನ ಕೆಳಗೇ ಇರಬೇಕು. ತಾಳಿ ಕಟ್ಟುವಾಗ ಅದೇ ಯೋಚನೆ. ಫೋಟೋದಲ್ಲಿ ನನ್ನ ಮುಖ ಹಲ್ಲುನೋವಿನವನ ಮುಖದಂತಿದೆ.

ಆಮೇಲೆ ವರ್ಷಗಳು ಹೋದವು. ಅಜ್ಜಿ ತೀರಿಕೊಂಡಳು. ಕಂಬಳಿ ನಮ್ಮ ಮನೆಗೆ ಬಂದು ದಿನಬಳಕೆಯ ಹಾಸಾಯಿತು. ಅಜ್ಜಿ ಹೇಳಿದಂತೆ ಕೆಂಚು ಮಗ್ಗುಲು ಸದಾ ನೆಲಕ್ಕೆ, ನಮ್ಮ ಮಗ್ಗುಲು ಮೇಲಕ್ಕೆ. ಅವನ ಸುದ್ದಿ ಮತ್ತೆ ಬರಲಿಲ್ಲ. ಕಾಗದವಿಲ್ಲ, ಫೋನಿಲ್ಲ. ಅವಳೂ ಅವನ ಮಾತೆತ್ತಿದ್ದಿಲ್ಲ. ಆದರೆ ಆಕಾಶದಲ್ಲಿ ಸದ್ದಾದರೆ ನನ್ನ ತಲೆ ತಾನಾಗಿ ಮೇಲೇಳುತ್ತಿತ್ತು. ಆಮೇಲೆ ತಿರುಗಿ ಅವಳ ಮುಖ ನೋಡುತ್ತಿದ್ದೆ, ಅವಳೂ ನೋಡುತ್ತಿದ್ದಾಳಾ ಎಂದು. ಅವಳು ಅಕ್ಕಿ ಆರಿಸುತ್ತಿರುತ್ತಿದ್ದಳು, ಇಲ್ಲವೇ ಮಗಳ ಜಡೆ ಹಾಕುತ್ತಿರುತ್ತಿದ್ದಳು. ಅದರಿಂದಲೂ ನನಗೆ ನೆಮ್ಮದಿಯಾಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಟೆಂಪೊ ನನ್ನ ಸ್ವಂತದ್ದಾಗಿತ್ತು. ನಾಯಕನಹಟ್ಟಿಯಿಂದ ಈರುಳ್ಳಿ ತುಂಬಿಕೊಂಡು ಚಳ್ಳಕೆರೆಗೆ ಬರುತ್ತಿದ್ದೆವು. ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು. ನೆಟ್ಟಗಿನ ರಸ್ತೆ, ಒಳ್ಳೆಯ ಬೆಳಕು. ಒಂದು ಎಮ್ಮೆ ಅಡ್ಡ ಬಂತು. ಟೆಂಪೊ ರಸ್ತೆ ಬಿಟ್ಟು ಇಳಿದು ಪಕ್ಕದ ಹಳ್ಳಕ್ಕೆ ಮಗುಚಿಕೊಂಡಿತು. ಈರುಳ್ಳಿ ಹೊಲದ ತುಂಬ ಉರುಳಿತು. ನನಗೇನೂ ಆಗಲಿಲ್ಲ. ಅವಳ ಎಡಗೈ ಮುರಿಯಿತು.

ಆ ಹೊತ್ತಿಗೆ ಮೇಲೆ ಒಂದು ವಿಮಾನ ಹೋಗುತ್ತಿತ್ತು, ಅದು ನಿಜ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೂ ನಿಜ. ಸೆಕೆ ಇತ್ತು, ಹಾಕಿದ್ದೆ. ಓಡಿಬಂದ ಜನಕ್ಕೆ, ಪೊಲೀಸಿನವರಿಗೆ, ಆಸ್ಪತ್ರೆಯಲ್ಲಿ ಕೇಳಿದವರಿಗೆ, ಎಲ್ಲರಿಗೂ ಎಮ್ಮೆಯ ವಿಷಯ ಹೇಳಿದೆ. ಪೊಲೀಸಿನವರು ಅವಳನ್ನೂ ಕೇಳಿದರು. ಅವಳು ನನ್ನ ಮುಖ ನೋಡಿ, "ಹೂಂ ಸಾರ್, ಎಮ್ಮೆ," ಎಂದಳು. ಆ ಹೂಂ ನನಗೆ ಹಿಡಿಸಲಿಲ್ಲ, ಆದರೂ ಕೆಲಸಕ್ಕೆ ಬಂತು.

ಕೈಗೆ ಪಟ್ಟಿ ಹಾಕಿ ಕೊರಳಿಗೆ ತೂಗಿಸಿ ಮನೆಗೆ ಕರೆತಂದೆ. ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದೆ. ಮಧ್ಯಾಹ್ನವಿಡೀ ನೋಡಲು ಜನ ಬಂದರು. ಬಂದವರಿಗೆಲ್ಲ ನಾನೇ ಹೇಳಿದೆ. ಇಷ್ಟು ದೊಡ್ಡ ಎಮ್ಮೆ, ಇಷ್ಟುದ್ದ ಕೊಂಬು, ಎಲ್ಲಿಂದ ನುಗ್ಗಿತೋ ಗೊತ್ತೇ ಆಗಲಿಲ್ಲ. ಮಾವನೂ ಬಂದಿದ್ದ, ತಲೆದೂಗಿ ಕೇಳಿದ. ಮೂಕ ಪ್ರಾಣಿಯನ್ನು ಉಳಿಸಿದೆಯಲ್ಲ ಎಂದು ನನ್ನ ಬೆನ್ನು ತಟ್ಟಿದ. ಎಷ್ಟೋ ವರ್ಷ ಕಾದಿದ್ದ ಮಾತು. ಅದು ಕಿವಿಗೆ ಬಿದ್ದಾಗ ನಾನು ಅವಳ ಕಡೆ ನೋಡದೆ ಬಾಗಿಲ ಕಡೆ ನೋಡಿದೆ.

ಎಲ್ಲರೂ ಹೋದರು. ಮಗಳು ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಅವಳು ಮೆಲ್ಲಗೆ ಹೇಳಿದಳು, "ಬಾವ, ಈಗ ಇಲ್ಲಿ ಯಾರೂ ಇಲ್ಲ."

"ಹೂಂ. ಏನ್ ಬೇಕು? ನೀರ್ ಕೊಡ್ಲಾ?"

"ನೀರ್ ಬ್ಯಾಡ. ನಂಗೊಬ್ಬಳಿಗೆ ಹೇಳು. ಒಂದೇ ಸಲ."

ಅವಳು ಏನನ್ನು ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಮುಖವನ್ನು ನಾನು ಹಿಂದೊಮ್ಮೆ ಕಂಡಿದ್ದೆ, ಟೆಂಪೊ ಕನ್ನಡಿಯಲ್ಲಿ, ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಬಗ್ಗಿದಾಗ. ಆ ಮುಖ ನನ್ನ ಕಡೆಗೆ ತಿರುಗಬೇಕೆಂದು ಎಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದೆ. ಈಗ ತಿರುಗಿತ್ತು. ಅವನು ಅಂದಿದ್ದ ಎರಡೇ ಪದ. ತೆಲುಗಿನಲ್ಲಿ ಬೇಕಾದರೂ ನನಗೆ ಗೊತ್ತಿತ್ತು. ಬಾಯಿ ತೆರೆದೆ.

"ಎಮ್ಮೆ ಕರೀದು ಕಣೆ," ಎಂದೆ. "ಟಾರ್ ರಸ್ತೇನೂ ಕರೀದು. ಅದಕ್ಕೇ ಕಾಣ್ಲಿಲ್ಲ."

ಒಂದು ಕೈಯೂರಿ ಎದ್ದಳು. ಸಹಾಯಕ್ಕೆ ಹೋದೆ, ಬೇಡವೆಂದಳು. ಸರಿಯಿದ್ದ ಒಂದೇ ಕೈಯಲ್ಲಿ ಕಂಬಳಿಯ ಅಂಚು ಹಿಡಿದು ಎಳೆದು, ತಿರುವಿ ಹಾಸಿದಳು. ಕೆಂಚು ಕಲೆ ಮೇಲೆ ಬಂತು. ಅದರ ಪಕ್ಕದಲ್ಲಿ ಮುರಿದ ಕೈಯನ್ನು ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅವತ್ತಿನಿಂದ ಆ ಮಗ್ಗುಲೇ ಮೇಲಿದೆ. ನಾನು ಎಷ್ಟೋ ಸಲ ತಿರುವಿ ಹಾಸಿದ್ದೇನೆ. ಸಂಜೆ ಮನೆಗೆ ಬರುವಷ್ಟರಲ್ಲಿ ಅದು ಮತ್ತೆ ಹಾಗೇ ಇರುತ್ತದೆ.